ಬೇರೆ ದಿನದ ನಗು

ಹಿನ್ನೆಲೆ ಸಂಗೀತ ತೆಗೆದು ನೋಡಿದಾಗಲೇ ಲೊರೇನ್ ವುಕೊವಿಚ್‌ಗೆ ಮೊದಲ ಅನುಮಾನ ಬಂದದ್ದು. ಹಾಲಿವುಡ್ ಪಕ್ಕದ ಬರ್ಬ್ಯಾಂಕಿನ ಎಡಿಟಿಂಗ್ ಕೋಣೆಯಲ್ಲಿ ಕೂತು ಅವಳು ಮೂರು ವಾರದಿಂದ ಒಂದು ರೊಮ್ಯಾಂಟಿಕ್ ಕಾಮಿಡಿಯ ಮೊದಲ ದೃಶ್ಯವನ್ನು ಕತ್ತರಿಸಿ ಜೋಡಿಸುತ್ತಿದ್ದಳು. ವಸಂತದ ಬೆಳಗು, ಎಳೆಬಿಸಿಲು, ಹೂ ಬಿಟ್ಟ ಮರಗಳ ಬೀದಿ. ಹಳದಿ ಕೋಟಿನ ಹುಡುಗಿಯೊಬ್ಬಳು ಬಸ್ಸಿಳಿದು ನಡೆಯುತ್ತಾಳೆ. ಹಿಂದೆ ಒಬ್ಬ ಹುಡುಗ. ಅವಳು ನಿಂತರೆ ಅವನೂ ನಿಲ್ಲುತ್ತಾನೆ, ದೀಪದ ಕಂಬಕ್ಕೆ ಡಿಕ್ಕಿ ಹೊಡೆಯುತ್ತಾನೆ, ಯಾರದೋ ನಾಯಿಯ ಹಗ್ಗಕ್ಕೆ ಕಾಲು ಸಿಕ್ಕಿ ಮುಗ್ಗರಿಸುತ್ತಾನೆ. ಕ್ಲಾರಿನೆಟ್ ಕುಣಿಯುತ್ತಿದ್ದಾಗ ಇದೆಲ್ಲ ನಗೆ ತರಿಸುತ್ತಿತ್ತು. ದನಿಯಿಲ್ಲದೆ ನೋಡಿದರೆ ಗಂಡಸೊಬ್ಬ ಒಂಟಿ ಹೆಂಗಸಿನ ಬೆನ್ನು ಹತ್ತಿದ್ದ. ಅವಳು ಎರಡು ಸಲ ತಿರುಗಿ ನೋಡಿ ಬಿರಬಿರನೆ ಹೆಜ್ಜೆ ಹಾಕುತ್ತಿದ್ದಳು.

“ಡ್ವೈಟ್, ಇವಳು ಹೆದರಿಕೊಂಡು ತಿರುಗಿ ನೋಡ್ದ ಹಾಗಿದೆ,” ಎಂದಳು ಲೊರೇನ್.

ನಿರ್ದೇಶಕ ಡ್ವೈಟ್ ಫಾರ್ಬರ್ ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕ. “ಅದಕ್ಕೇ ಅಲ್ವಾ ನೀನಿರೋದು? ಎರಡು ನಿಮಿಷದೊಳಗೆ ಜನಕ್ಕೆ ಇದು ನಗೋ ಸಿನಿಮಾ ಅಂತ ಗೊತ್ತಾಗ್ಬೇಕು. ಎಲ್ಲಿಂದಾದ್ರೂ ಒಂದು ನಗು ಹುಡುಕಿ ಅಲ್ಲಿ ಹಾಕಮ್ಮಾ.”

“ಆ ಶಾಟಲ್ಲಿ ಅವಳು ನಗೋದೇ ಇಲ್ವಲ್ಲ.”

“ನನ್ನ ಹೆಂಡ್ತಿನೂ ಹೀಗೇ, ಮೊದಮೊದಲು ಬಿಗುಮಾನ. ಇದು ನಮ್ಮಿಬ್ಬರದೇ ಕಥೆ ಕಣೇ, ಕ್ಲೀವ್‌ಲ್ಯಾಂಡಲ್ಲಿ ನಡೆದಿದ್ದು. ಹನ್ನೊಂದು ದಿನ ಹಿಂದೆ ಹಿಂದೆ ಅಲೆದೆ. ಕೊನೆಗೆ ಅವಳೇ ತಿರುಗಿ ನಿಂತು ‘ಕಾಫಿ ಕುಡಿಯೋಣ್ವಾ?’ ಅಂದ್ಲು. ಅವಳೇ! ಯಾವ ಪಾರ್ಟೀಲಿ ಹೇಳಿದ್ರೂ ಜನ ಬಿದ್ದು ಬಿದ್ದು ನಗ್ತಾರೆ.”

“ಅವರೂ ನಗ್ತಾರಾ?”

“ಕೋರಿನ್ನಾ? ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ಸಾಕಾಗಿದೆ ಪಾಪ. ನಾನು ಶುರು ಮಾಡಿದ್ರೆ ಎದ್ದು ಅಡುಗೆಮನೆಗೆ ಹೋಗ್ತಾಳೆ.”

ಲೊರೇನ್ ಉಳಿದ ಶಾಟ್‌ಗಳನ್ನೆಲ್ಲ ಜಾಲಾಡಿದಳು. ನಗು ಸಿಕ್ಕಿತು. ಇನ್ನೊಂದು ದಿನ ಚಿತ್ರೀಕರಣ ಮುಗಿದ ಮೇಲೂ ಕ್ಯಾಮೆರಾ ಓಡುತ್ತಿದ್ದಾಗ ನಟಿ ಆ ನಾಯಿಯನ್ನು ನೋಡಿ ನಕ್ಕಿದ್ದಳು, ಒಂದೇ ಒಂದು ಸೆಕೆಂಡು. ಅದನ್ನು ತಂದು ಎರಡನೆಯ ಸಲ ತಿರುಗಿ ನೋಡಿದ ಮೇಲೆ ಇಟ್ಟದ್ದೇ ತಡ, ಹೆದರಿದ್ದವಳು ಮೆಚ್ಚಿದವಳಾಗಿಬಿಟ್ಟಳು. ಇಂಥ ಕೆಲಸವನ್ನು ಲೊರೇನ್ ಇಪ್ಪತ್ತಾರು ವರ್ಷದಿಂದ ಮಾಡಿಕೊಂಡು ಬಂದಿದ್ದಳು. ಅವತ್ತು ಮಾತ್ರ ಸುಳ್ಳುಸಾಕ್ಷಿ ನುಡಿದು ಬಂದವಳ ಹಾಗೆ ಅವಳಿಗೆ ಊಟ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕೋರಿನ್ ಬಂದಳು. ಶಾಲೆಯೊಂದರಲ್ಲಿ ನರ್ಸ್ ಆಗಿದ್ದ ಎತ್ತರದ ಹೆಂಗಸು. ಗಂಡನನ್ನು ಊಟಕ್ಕೆ ಕರೆದೊಯ್ಯಲು ಬಂದಿದ್ದಳು. ಡ್ವೈಟ್ ಹೊರಗೆ ಫೋನಿನಲ್ಲಿ ನಿರ್ಮಾಪಕನ ಜೊತೆ ಜಗಳಕ್ಕೆ ನಿಂತಿದ್ದ. “ನಾನೂ ಒಂದ್ಸಲ ನೋಡ್ಬಹುದಾ?” ಎಂದಳು. ಬೇಡ ಅನ್ನಲು ಕಾರಣ ಹೊಳೆಯದೆ ಲೊರೇನ್ ದೃಶ್ಯ ಹಾಕಿದಳು. ಬಿಸಿಲು, ಹೂವು, ಕ್ಲಾರಿನೆಟ್ ಎಲ್ಲ ಮುಗಿಯುವವರೆಗೆ ಕೋರಿನ್ ಅಲುಗಾಡದೆ ಕೂತಿದ್ದಳು.

“ಈ ನಗು ಎಲ್ಲಿಂದ ಬಂತು?”

“ಅದು… ಬೇರೆ ದಿನದ್ದು. ನಾಯಿ ನೋಡಿ ನಕ್ಕಿದ್ದು.”

“ಅನ್ಕೊಂಡೆ. ನಾನಂತೂ ನಕ್ಕಿರ್ಲಿಲ್ಲ.” ಕೋರಿನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಬಿಸಿಲೂ ಇರ್ಲಿಲ್ಲ ಬಿಡಿ. ನವೆಂಬರ್ ತಿಂಗಳು, ಐದೂವರೆಗೆಲ್ಲ ಕತ್ತಲೆ. ಅಷ್ಟು ದಿನ ಸುತ್ತಿ ಬಳಸಿ ತಪ್ಪಿಸ್ಕೊಂಡಿದ್ದೆ, ಅವತ್ತು ಮುಂದಿನ ತಿರುವಲ್ಲೇ ನನ್ನ ಮನೆ. ಅದು ಇವನಿಗೆ ಗೊತ್ತಾಗಬಾರದು ಅಂತ ಕಾಫಿ ಅಂದೆ. ಅಂಗಡೀಲಿ ದೀಪ ಇತ್ತು, ನಾಕು ಜನ ಇದ್ರು.”

“ಇದನ್ನ ಅವನಿಗೆ ಹೇಳಿಲ್ವಾ ನೀವು?”

“ಕಾಫಿ ಮುಗಿಯೋ ಹೊತ್ತಿಗೆ ಒಳ್ಳೆಯವನು ಅನ್ನಿಸ್ತು. ಒಳ್ಳೆಯವನೇ. ಆಮೇಲೆ ಯಾವತ್ತು ಹೇಳೋದು? ಮದುವೆ ದಿನ ಅವನ ತಮ್ಮ ಮೈಕ್ ಹಿಡಿದು ಇದೇ ಕಥೆ ಹೇಳಿದ. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ.”

ಒಳ್ಳೆಯವನು ಎಂಬ ಮಾತನ್ನು ಈಕೆ ಎರಡು ಸಲ ಯಾಕೆ ಹೇಳಿದಳು ಎಂದು ಲೊರೇನ್ ಒಂದು ಗಳಿಗೆ ಯೋಚಿಸಿದಳು. ಆಮೇಲೆ ನಗುವನ್ನು ಅಳಿಸಿದಳು. ಸಂಗೀತವನ್ನೂ ತೆಗೆದಳು.

ಡ್ವೈಟ್ ಬಾಗಿಲು ತಳ್ಳಿಕೊಂಡು ಬಂದ. “ಏನು, ನಮ್ಮ ಹೀರೋಯಿನ್ನಿಗೆ ಇಷ್ಟ ಆಯ್ತಂತಾ?”

“ಇದನ್ನ ಹೀಗೊಂದ್ಸಲ ನೋಡು. ಮಧ್ಯೆ ಬಾಯಿ ಹಾಕ್ಬೇಡ,” ಎಂದಳು ಲೊರೇನ್.

ಹುಡುಗ ಕಂಬಕ್ಕೆ ಡಿಕ್ಕಿ ಹೊಡೆದಾಗ ಡ್ವೈಟ್ ರೂಢಿಯಂತೆ ನಕ್ಕ. ಆ ನಗು ಸದ್ದಿಲ್ಲದ ಕೋಣೆಯಲ್ಲಿ ಅವನಿಗೇ ದೊಡ್ಡದಾಗಿ ಕೇಳಿಸಿರಬೇಕು, ಅರ್ಧಕ್ಕೇ ನಿಲ್ಲಿಸಿದ. ಹುಡುಗಿ ತಿರುಗಿ ನೋಡಿದಳು. ಮತ್ತೆ ನೋಡಿದಳು. ಡ್ವೈಟ್ ಪರದೆಯ ಹತ್ತಿರ ಬಾಗಿದ.

“ತಡಿ, ಅಲ್ಲೇ ನಿಲ್ಸು. ಇವಳ್ಯಾಕೆ ಕೋಟಿನ ಹತ್ರ ಹಾಗೆ ಮುಷ್ಟಿ ಕಟ್ಟಿದಾಳೆ? ನಾನು ಹೇಳ್ಕೊಟ್ಟಿರ್ಲಿಲ್ಲ.”

“ಯಾರೂ ಹೇಳ್ಕೊಟ್ಟಿಲ್ಲ. ಅವಳಾಗೇ ಮಾಡಿದ್ದು,” ಎಂದಳು ಲೊರೇನ್.

“ಕೈಯಲ್ಲೇನೋ ಇದೆಯಲ್ಲ?”

ಕೋರಿನ್ ಕೈಚೀಲದೊಳಗಿಂದ ಮನೆಯ ಕೀಲಿ ತೆಗೆದಳು. ಅದನ್ನು ಅಂಗೈಯಲ್ಲಿಟ್ಟು ಬಿಗಿಯಾಗಿ ಮುಷ್ಟಿ ಕಟ್ಟಿ, “ನಾನೂ ಹೀಗೇ ಹಿಡ್ಕೊಂಡಿದ್ದೆ, ಕಾಫಿ ಅನ್ನೋವರೆಗೂ,” ಎಂದು ಆ ಮುಷ್ಟಿಯನ್ನು ಗಂಡನ ಮುಂದೆ ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಎರಡು ಬೆರಳುಗಳ ಸಂದಿನಿಂದ ಕೀಲಿಯ ಚೂಪು ತುದಿ ಹೊರಗೆ ಚಾಚಿತ್ತು.