ಹೂಂ ಅನ್ನುವ ಗಂಡ

ಮಿದುಳಿಗೆ ಬೂಷ್ಟಿನ ರೋಗ ಹಿಡಿದವರಿಗೆ ಸತ್ತವರ ದನಿ ಕೇಳಿಸುವುದು ಆ ಊರಲ್ಲಿ ನೆಗಡಿಯಷ್ಟೇ ಮಾಮೂಲಾಗಿತ್ತು. ಬೂಷ್ಟಿನ ಮೇಲೆಯೇ ಎಂ.ಎಸ್ಸಿ. ಮಾಡಿದ್ದ ಬಸುರಿ ಮಂದಾಕಿನಿಗೆ ಮಾತ್ರ ಬೇರೊಂದು ಘನ ಸಿದ್ಧಾಂತ ಹೊಳೆದಿತ್ತು: ತಲೆನೋವು ಬಿಸಿಲಿನದು, ಮಾತಾಡುತ್ತಿರುವವನು ತೀರಿಕೊಂಡ ಗಂಡ ಚಂದ್ರಮೌಳಿಯೇ, ಸತ್ತ ಮೇಲೆ ಅವನಿಗೆ ಬುದ್ಧಿ ಬಂದಿದೆ.

ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಅವಳ ಬೆನ್ನಿನಿಂದ ತೆಗೆದ ನೀರಿನ ವರದಿ ನೋಡಿದರು. "ಬೂಷ್ಟೇ ಕಣಮ್ಮ. ಹೀಗೇ ಬಿಟ್ರೆ ನೀನೂ ಉಳಿಯಲ್ಲ, ಮಗುವೂ ಉಳಿಯಲ್ಲ. ಈ ಡ್ರಿಪ್ ಮಗೂಗೆ ಏನೂ ಮಾಡಲ್ಲ, ನಿನ್ನ ಯಜಮಾನರ ಮಾತು ಮಾತ್ರ ನಿಂತುಹೋಗುತ್ತೆ. ನಂಬಿಕೆ ಬರದಿದ್ರೆ, ಎಲ್ಲರೂ ಮಾಡೋ ಹಾಗೆ, ಹಳೇ ಜಗಳ ಒಂದು ತೆಗೆದು ನೋಡು. ಬೂಷ್ಟು ಎಲ್ಲಕ್ಕೂ ಹೂಂ ಅನ್ನುತ್ತೆ."

"ರೀ, ಹೆಣ್ಣಾದ್ರೆ ನಿಮ್ಮಜ್ಜಿ ಹೆಸರು ಇಡಲ್ಲ" ಎಂದಳು ಮಂದಾಕಿನಿ. ಆ ಹೆಸರಿಗಾಗಿ ಚಂದ್ರಮೌಳಿ ಎರಡು ಹೊತ್ತು ಊಟ ಬಿಟ್ಟು ಕೂತಿದ್ದವನು.

"ನಿನ್ನಿಷ್ಟ, ಚಿನ್ನ" ಎಂದಿತು ದನಿ.

ಚಿನ್ನ! ಬದುಕಿದ್ದಾಗ ಅವನು 'ಏಯ್' ಅನ್ನುವುದನ್ನು ಬಿಟ್ಟು ಬೇರೇನೂ ಕರೆದವನಲ್ಲ. ಇಷ್ಟು ದಿನ ಬೂಷ್ಟಿನ ಜೊತೆ ಚೆನ್ನಾಗಿಯೇ ಸಂಸಾರ ಮಾಡಿದೆನಲ್ಲ ಎಂದು ಅವಳಿಗೆ ನಗು ಬಂತು. ಇನ್ನೊಮ್ಮೆ ಚಿನ್ನ ಅನ್ನುತ್ತದೇನೋ ಎಂದು ಒಂದು ಕ್ಷಣ ಕಾದಳು ಕೂಡ.

ಆಮೇಲೆ ಡ್ರಿಪ್ ಹಿಡಿದು ನಿಂತಿದ್ದ ನರ್ಸಿನ ಕಡೆ ಕೈ ಚಾಚಿದಳು.

"ಹಾಕಿ ಸಿಸ್ಟರ್. ಇವರು ನಮ್ಮನೆಯವರಲ್ಲ."