ಮೂಸಿ ಕೂಡ ನೋಡ್ಲಿಲ್ಲ

ಓರ್ಕಾ ತಿಮಿಂಗಿಲ ಕೆರ್ತುವಿನ ಕೈಯಿಂದಲೇ ಹೆರಿಂಗ್ ಮೀನನ್ನು ತೆಗೆದುಕೊಂಡಿತು. ಬೆರಳಿಗೆ ಹಲ್ಲು ಸೋಕಲಿಲ್ಲ. ಮತ್ತೆ ಬಾಯಿ ತೆರೆಯಿತು. ಬಕೆಟ್ ಬರಿದಾಗುವ ಹೊತ್ತಿಗೆ, ತೆಪ್ಪದ ಮೇಲೆ ಮಂಡಿಯೂರಿದ್ದ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಬಲೆಗೆ ಸಿಕ್ಕಂದಿನಿಂದ ಆ ಹೆಣ್ಣು ಓರ್ಕಾ ಒಂದು ಚೂರನ್ನೂ ಮುಟ್ಟಿರಲಿಲ್ಲ.

ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿನ್ನೆ ಮೊನ್ನೆಯವರೆಗೆ ಮಾಲ್ಕಂ ದ್ವೀಪದ ಬೆಸ್ತರು ಗುಂಡು ಹಾರಿಸಿ ಓಡಿಸುತ್ತಿದ್ದ ಪ್ರಾಣಿಯನ್ನು ಈಗ ತೊಟ್ಟಿಯಲ್ಲಿಟ್ಟು ಜನರಿಗೆ ತೋರಿಸಲು ಪಟ್ಟಣದವರು ಕೇಳಿಕೊಂಡು ಬರುತ್ತಿದ್ದರು. ವ್ಯಾಪಾರಿ ವಿಟ್ಲಾಕ್ ಒಂದೇ ಮಾತು ಹೇಳಿ ಹೋಗಿದ್ದ: “ತಿಂದ್ರೆ ಒಯ್ತೀನಿ. ಉಪವಾಸ ಬಿದ್ದು ಸಾಯೋದನ್ನ ಕೊಂಡು ಏನ್ಮಾಡ್ಲಿ?” ಇಂದು ಅವನು ಬರುವ ದಿನ. ಬಲೆಯಾಚೆ, ಕೊಲ್ಲಿಯ ಬಾಯಲ್ಲಿ, ಇದರ ಬಳಗ ಇನ್ನೂ ಕಾದಿತ್ತು. ಇದು ಕೂಗಿದಾಗಲೆಲ್ಲ ಅವು ಓಗೊಡುತ್ತಿದ್ದವು.

ಹಿಂದೆ ಹಲಗೆ ಕಿರುಗುಟ್ಟಿತು. ಗಂಡ ಆರ್ವೋ ನಿಂತಿದ್ದ. ಬಲೆ ಅವನದು, ಬೇಟೆಯೂ ಅವನದು. ಇದನ್ನು ಮಾರಿ ಹೊಸ ದೋಣಿ ಮಾಡಿಸುತ್ತೇನೆಂದು ಊರಿಗೆಲ್ಲ ಸಾರಿದ್ದ.

“ತಿಂತಲ್ಲ,” ಎಂದ.

“ಆರ್ವೋ, ಅವನಿಗೆ ಹೇಳ್ಬೇಡ ಕಣೋ.”

“ನಾನೂ ನಿನ್ನ ಕೈಯಿಂದ್ಲೇ ತಿನ್ನೋನು. ನಾನು ಉಂಡೆ ಅಂತ ಯಾವತ್ತಾದ್ರೂ ಅತ್ತಿದೀಯೇನೇ?”

ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ವಿಟ್ಲಾಕನ ಮೋಟಾರು ದೋಣಿ ತೆಪ್ಪಕ್ಕೆ ಬಂದು ತಾಗಿತು.

“ಏನಮ್ಮಾ, ಬಾಯಿ ಬಿಟ್ಳಾ ಮಹಾರಾಣಿ?”

ಕೆರ್ತು ಬಕೆಟ್ಟನ್ನು ಬೆನ್ನ ಹಿಂದಕ್ಕೆ ಸರಿಸಿದಳು.

“ಬಿಟ್ಳು, ಕೂಗೋಕೆ,” ಎಂದ ಆರ್ವೋ. “ಮೀನನ್ನ ಮೂಸಿ ಕೂಡ ನೋಡ್ಲಿಲ್ಲ ಸಾಹೇಬ್ರೇ.”

“ಬಕೆಟ್ ಖಾಲಿ ಇದೆ?”

“ಕಡಲಹಕ್ಕಿಗಳಿಗೆ ಹಬ್ಬ. ಬೇಕಿದ್ರೆ ಅವನ್ನೇ ಒಯ್ಯಿರಿ, ಒಂದೊಂದೂ ಚೆನ್ನಾಗಿ ಮೇದಿದೆ.”

ವಿಟ್ಲಾಕ್ ನೀರಿನ ಮೇಲೆ ಅಲುಗದೆ ತೇಲುತ್ತಿದ್ದ ಕರಿಬೆನ್ನನ್ನು ನೋಡಿದ, ನೀರಿಗೆ ಉಗಿದ, ಹೊರಟುಹೋದ.

ಮೋಟಾರಿನ ಸದ್ದು ಅಡಗುವ ಮೊದಲೇ ಆರ್ವೋ ಬಲೆಯ ಹಗ್ಗ ಬಿಚ್ಚತೊಡಗಿದ. ಏನಾಗುತ್ತಿದೆಯೆಂದು ತಿಳಿಯಲು ಕೆರ್ತುವಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಓಡಿ ಇನ್ನೊಂದು ತುದಿ ಹಿಡಿದಳು. ಬಲೆ ಮುಳುಗಿತು. ಓರ್ಕಾ ಅನುಮಾನಿಸುತ್ತ ಆ ಜಾಗದವರೆಗೆ ಬಂತು, ನಿಂತಿತು, ಒಮ್ಮೆಲೇ ದಾಟಿತು. ಕೊಲ್ಲಿಯ ಬಾಯಲ್ಲಿ ಬಳಗದ ಕಪ್ಪು ಈಜುರೆಕ್ಕೆಗಳು ಅದನ್ನು ಮುತ್ತಿಕೊಂಡವು. ಆಮೇಲೆ ಇದು ಯಾವುದು, ಅವು ಯಾವುವು ಎಂದು ಗುರುತೇ ಸಿಗಲಿಲ್ಲ.

“ಸೊಕ್ಕು ನೋಡು,” ಆರ್ವೋ ಗೊಣಗಿದ. “ಹೊಟ್ಟೆ ತುಂಬ ಉಂಡು ಹೋದ್ಲು. ಒಂದು ಒಳ್ಳೆ ಮಾತು ಆಡ್ಲಿಲ್ಲ.”

ಹಗ್ಗ ಎಳೆದು ಕೆಂಪಾಗಿದ್ದ ಅವನ ಅಂಗೈಯನ್ನು ಕೆರ್ತು ಕೆನ್ನೆಗೆ ಒತ್ತಿಕೊಂಡಳು.

“ಆ ಮಾತನ್ನ ನನ್ನ ಹತ್ರ ಬಿಟ್ಟುಹೋಗಿದಾಳೆ.”