ಕೂತು ಮಾಡುವ ಕೆಲಸ

ಬಾಗಿಲು ತೆರೆದಿಟ್ಟು, ಮೆಟ್ಟಿಲ ಕಂಬಿಯ ಮೇಲೆ ಬಗ್ಗಿ ದನುತಾ ಕೆಳಗಿನ ಮನೆಗೆ ಕೂಗಿದಳು. "ಪಾನಿ ಇರ್ಮಿನಾ! ಡ್ರಿಲ್ ಸ್ವಲ್ಪ ಕೊಡ್ತೀರಾ? ನಮ್ಮ ಜೆನೊನ್‌ನ ಕಾಲೊರಿಫೆರ್ ಸಡಿಲ ಆಗಿ ಜೋತುಬಿದ್ದಿದೆ. ಇವತ್ತು ನಾನೇ ಬಿಗಿ ಮಾಡೋಣ ಅಂತ."

ಕೆಳಗಿನಿಂದ ಬಂದದ್ದು ನಾಲ್ಕೂ ಅಂತಸ್ತಿಗೆ ಕೇಳುವಂಥ ನಗು. "ಅಯ್ಯೋ ಪಾನಿ ದನುತಾ, ಅದು ಜೋತುಬಿದ್ದು ಇಪ್ಪತ್ತು ವರ್ಷ ಆಯ್ತಲ್ಲ! ಅದಕ್ಕೆ ಡ್ರಿಲ್ ಎಲ್ಲಿ ಸಾಲುತ್ತೆ? ಬಿಯರ್ ಬಿಡಿಸ್ಬೇಕು!"

ನಮ್ಮ ಪೋಲೆಂಡಿನಲ್ಲಿ ಮರ್ಯಾದೆಗೆ ಹೆಂಗಸರನ್ನು ಪಾನಿ, ಗಂಡಸರನ್ನು ಪಾನ್ ಎನ್ನುತ್ತೇವೆ. ಕಾಲೊರಿಫೆರ್ ಎಂದರೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಗೋಡೆಯ ರೇಡಿಯೇಟರ್. ಗಂಡಸರ ಹೊಟ್ಟೆಯ ಮೇಲೆ ಸಾಲಾಗಿ ಉಬ್ಬುವ ಸ್ನಾಯುಗಳಿಗೂ ಅದೇ ಹೆಸರು. ತಾನು ಏನೆಂದೆ ಎಂದು ಹೊಳೆದು ದನುತಾಳ ಮುಖ ಕೆಂಪೇರಿತು. ಅಷ್ಟರಲ್ಲಿ ಬೆನ್ನ ಹಿಂದೆ, ಒಳಗಿನ ಕೋಣೆಯಿಂದ, ಏಳು ವಾರಗಳಿಂದ ಕೇಳದಿದ್ದ ಸದ್ದೊಂದು ಬಂತು. ಅವಳ ಗಂಡ ಜೆನೊನ್ ನಗುತ್ತಿದ್ದ. ಹೃದಯದ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ದಿಂಬು ಒತ್ತಿಕೊಂಡು, "ಅಯ್ಯೋ, ನಗಿಸ್ಬೇಡ್ರೇ, ಎದೆ ನೋಯುತ್ತೆ" ಎನ್ನುತ್ತ ನಗುತ್ತಿದ್ದ.

ಇರ್ಮಿನಾ ಡ್ರಿಲ್ ಹಿಡಿದು ಮೇಲೆ ಬಂದಳು. ಕಣ್ಣೊರೆಸಿಕೊಳ್ಳುತ್ತ ಕೇಳಿದಳು, "ಏನ್ ಮಾಡ್ತಿದಾರೆ ಪಾನ್ ಜೆನೊನ್?"

"ಏನಿಲ್ಲ. ಸುಮ್ನೆ ಕೂತಿದಾನೆ."

ಮಗಳು ಫೋನಿನಲ್ಲಿ ಕೇಳಿದಾಗ, ಬ್ರೆಡ್ ಅಂಗಡಿಯವಳು ಕೇಳಿದಾಗ, ಪಾದ್ರಿಗಳು ಕೇಳಿದಾಗ ದನುತಾ ಕೊಟ್ಟದ್ದು ಇದೇ ಉತ್ತರ. ಒಳಗೆ ನಗು ನಿಂತಿತು. ಆ ಮಾತು ಅವನಿಗೆ ಪ್ರತಿಸಲವೂ ಕೇಳಿಸುತ್ತಿತ್ತೆಂದು ಅವಳಿಗೆ ಗೊತ್ತಾದದ್ದು ಆಗ.

ಇರ್ಮಿನಾ ಇಳಿದು ಹೋದಳು. ಮೂರು ಗಂಟೆಗೆ ಇಡೀ ಕಟ್ಟಡದ ರೇಡಿಯೇಟರುಗಳಿಗೆ ಈ ಚಳಿಗಾಲದ ಮೊದಲ ಬಿಸಿನೀರು ಬಿಡುತ್ತಾರೆಂದು ಕೆಳಗೆ ಚೀಟಿ ಅಂಟಿಸಿದ್ದರು. ಗೋಡೆಯಿಂದ ಒಂದು ಕೊಕ್ಕೆ ಕಿತ್ತುಬಂದು, ಎರಕದ ಕಬ್ಬಿಣದ ಆ ಭಾರವೆಲ್ಲ ಒಂದು ಬದಿಗೆ ವಾಲಿ ಪೈಪಿನ ಮೇಲೆ ಬಿದ್ದಿತ್ತು. ಹೀಗೇ ಬಿಟ್ಟರೆ ಪೈಪು ಬಿಟ್ಟುಕೊಂಡು ಮನೆಯೆಲ್ಲ ನೀರು.

"ಯಾರನ್ನಾದ್ರೂ ಕರಿ," ಎಂದ ಜೆನೊನ್, ಕಿಟಕಿಯ ಕಡೆ ಮುಖ ಮಾಡಿ. ಈ ಮನೆಯ ಒಂದೊಂದು ಮೊಳೆಯನ್ನೂ ಅವನೇ ಹೊಡೆದದ್ದು. ಮೂವತ್ತು ವರ್ಷ ಅವಳು ಟಾರ್ಚ್ ಹಿಡಿದು ನಿಂತವಳು ಅಷ್ಟೆ. ಬೇರೆ ಗಂಡಸೊಬ್ಬ ಬಂದು ಇವನೆದುರೇ ಇವನ ಗೋಡೆ ಕೊರೆದರೆ, ಆಮೇಲೆ ಇವನು ಆ ಕುರ್ಚಿಯಿಂದ ಏಳುವುದೇ ಇಲ್ಲವೇನೋ ಎಂದು ಅವಳಿಗೆ ಅನ್ನಿಸಿತು.

ಹಳೆಯ ತೂತಿನ ಪಕ್ಕದಲ್ಲೇ ಅವಳು ಹೊಸದೊಂದು ಕೊರೆದಳು. ಇಟ್ಟಿಗೆಯ ಕೆಂಪು ಪುಡಿ ಹುಬ್ಬಿಗೆಲ್ಲ ಕೂತಿತು. ಪ್ಲಾಸ್ಟಿಕ್ ಪ್ಲಗ್ ತೂರಿಸಿ ಕೊಕ್ಕೆಯನ್ನು ಸ್ಕ್ರೂ ಹಾಕಿ ಬಿಗಿದಳು. ಆದರೆ ರೇಡಿಯೇಟರ್ ಎತ್ತಿ ಅದರ ಮೇಲೆ ಕೂರಿಸಬೇಕಲ್ಲ? ಎರಡು ಸಲ ಹೆಗಲು ಕೊಟ್ಟಳು. ಕದಲಲಿಲ್ಲ. ಜೆನೊನ್ ಕುರ್ಚಿಯ ಕೈ ಹಿಡಿದು ಅರ್ಧ ಎದ್ದ.

"ಕೂತ್ಕೋ! ಎರಡು ಕಿಲೋ ಮೇಲೆ ಏನೂ ಎತ್ತಬಾರದು ಅಂದಿದಾರೆ ಡಾಕ್ಟ್ರು."

"ಗೊತ್ತು ಮಾರಾಯ್ತಿ. ಕೂತಿರೋದು ಬಿಟ್ಟು ನನ್ನಿಂದ ಇನ್ನೇನಾಗುತ್ತೆ?"

ದನುತಾ ಅವನನ್ನೇ ನೋಡಿದಳು. ನಂತರ ಬಾಲ್ಕನಿಗೆ ಓಡಿ, ಎಲೆಕೋಸಿನ ಉಪ್ಪಿನಕಾಯಿಯ ಪೀಪಾಯಿ ಮೇಲೆ ಭಾರಕ್ಕಿಟ್ಟಿದ್ದ ಕಲ್ಲು ತಂದಳು. ಕ್ರಿಸ್‌ಮಸ್ ಊಟಕ್ಕೆ ಮೇಜು ಉದ್ದ ಮಾಡುವ ದಪ್ಪ ಓಕ್ ಹಲಗೆ ತಂದಳು. ಹಲಗೆಯನ್ನು ಕಲ್ಲಿನ ಮೇಲಿಟ್ಟು ಒಂದು ತುದಿಯನ್ನು ರೇಡಿಯೇಟರಿನ ಕೆಳಗೆ ತೂರಿಸಿದಳು. ಇನ್ನೊಂದು ತುದಿ ಮೊಣಕಾಲೆತ್ತರಕ್ಕೆ ಎದ್ದು ನಿಂತಿತು.

"ಗ್ದೀನ್ಯಾ ಬಂದರಲ್ಲಿ ಮೂವತ್ತೆಂಟು ವರ್ಷ ಕ್ರೇನ್ ನಡೆಸಿದ್ಯಲ್ಲ," ಎಂದಳು. "ನಲವತ್ತು ಟನ್ನು ನಿಂತ್ಕೊಂಡು ಎತ್ತಿದ್ಯೋ, ಕೂತ್ಕೊಂಡೋ?"

ಜೆನೊನ್ ಹಲಗೆ ನೋಡಿದ, ಕಲ್ಲು ನೋಡಿದ. "ಆ ಕಲ್ಲು ಇನ್ನೊಂದು ಗೇಣು ಗೋಡೆ ಕಡೆ ಸರಿಸು," ಎಂದ. ಅದು ಹಳೆಯ ದನಿ. ತೋಳು ಹಿಡಿದು ಅವಳು ಮೆಲ್ಲಗೆ ಅವನನ್ನು ಹಲಗೆಯ ತುದಿಯಲ್ಲಿ ಕೂರಿಸಿದಳು. ಬಂದರಿನಲ್ಲಿ ನೆಲದಿಂದ ಕ್ರೇನಿನವನಿಗೆ ತೋರಿಸುವಂತೆ ಹೆಬ್ಬೆರಳು ಮೇಲೆತ್ತಿದಳು. ಅವನು ಪೂರ್ತಿ ಭಾರ ಬಿಟ್ಟ. ಕಬ್ಬಿಣ ನರಳುತ್ತ ಮೇಲೆದ್ದಿತು. ಅವಳು ಮುಷ್ಟಿ ಬಿಗಿದಳು, ಅವನು ಪಾದ ಊರಿ ಅಲ್ಲಾಡದೆ ನಿಲ್ಲಿಸಿದ. ಅಂಗೈ ಕೆಳಗೆ ಮಾಡಿದಳು, ಕೂದಲೆಳೆಯಷ್ಟು ಇಳಿಸಿದ. ಟಕ್. ಕೊಕ್ಕೆಯ ಮೇಲೆ ಕೂತಿತು.

ಮೂರು ಗಂಟೆಗೆ ಪೈಪಿನಲ್ಲಿ ಗುಳುಗುಳು ಎಂದಿತು. ಒಂದು ಹನಿಯೂ ಸೋರಲಿಲ್ಲ. ದನುತಾ ಮುಖ ತೊಳೆದು ಬಂದರೂ ಅವನು ಹಲಗೆಯ ಮೇಲೆಯೇ ಇದ್ದ, ಬಿಸಿಯಾಗುತ್ತಿದ್ದ ಕಬ್ಬಿಣದ ಮೇಲೆ ಕೈಯಿಟ್ಟು. "ಏಳು, ಮುಗೀತಲ್ಲ," ಎಂದು ಕೈ ಚಾಚಿದಳು.

ಮೆಟ್ಟಿಲಿನಿಂದ ಇರ್ಮಿನಾ ಕೂಗಿದಳು. "ಪಾನಿ ದನುತಾ! ಕಾಲೊರಿಫೆರ್ ಬಿಗಿಯಾಯ್ತಾ? ಪಾನ್ ಜೆನೊನ್ ಏನ್ ಮಾಡ್ತಿದಾರೆ?"

ದನುತಾ ಬಾಯಿ ತೆರೆದಳು. ಅಷ್ಟರಲ್ಲಿ ಹಲಗೆಯ ಮೇಲಿಂದ ಉತ್ತರ ಹೋಗಿತ್ತು, ನಾಲ್ಕೂ ಅಂತಸ್ತಿಗೆ ಕೇಳುವಂತೆ:

"ಡ್ಯೂಟಿಲಿದ್ದೀನಿ!"